ಐದನೇ ಆವೃತ್ತಿಯ ಬಗ್ಗೆ ದೂರದವಳಿಗೊಂದು ದೂರು

ಸಕಾತಾ
ಜುಲೈ ತಿಂಗಳ ಸೋಮವಾರ, ಬೆಳಿಗ್ಗೆ

ಪ್ರೀತಿಯ ಮಿಸಾವೊ,

ಕ್ಷೇಮವೇ ಎಂದು ಕೇಳುವುದು ಪತ್ರದ ವಾಡಿಕೆ. ಫೆಬ್ರವರಿಯಲ್ಲಿ ತೀರಿಕೊಂಡವಳನ್ನು ಹಾಗೆ ಕೇಳುವುದು ಹೇಗೆ? ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀನು ದೂರದಲ್ಲಿದ್ದೀಯ, ನನ್ನ ಬಳಿ ದೂರಿದೆ. ಒಂದು ಪತ್ರಕ್ಕೆ ಇಷ್ಟು ನಂಟು ಸಾಕು.

ನಮ್ಮ ‘ಹೊಸ್ತಿಲು’ ಆಟದ ಐದನೇ ಆವೃತ್ತಿ ಬಂದಿದೆ. ಕಾಲೇಜಿನಲ್ಲಿ ಶುರುಮಾಡಿದ್ದು, ಇಪ್ಪತ್ತೊಂಬತ್ತು ವರ್ಷದಿಂದ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ನಗರ ಸಭಾಭವನದ ಚಾಪೆ ಕೋಣೆಯಲ್ಲಿ ಆಡುತ್ತಾ ಬಂದದ್ದು. ಬೇಕಾದದ್ದು ಕಾಗದ, ಪೆನ್ಸಿಲ್, ದಾಳ. ಸೂತ್ರಧಾರನಾದ ನಾನು ಕಥೆ ಹೇಳಬೇಕು, ನೀವೆಲ್ಲ ಪಾತ್ರಗಳಾಗಬೇಕು. ಕಡಲ ಕಡೆಯಿಂದ ಒಂದೊಂದೇ ಭೂತ ಬಂದು ಊರಿನ ಬಾಗಿಲು ತಟ್ಟುತ್ತದೆ. ಯಾರಿಗೆ ತೆರೆಯಬೇಕು, ಯಾರಿಗೆ ಕೂಡದು ಎಂಬುದೇ ಆಟ. ಇಷ್ಟು ಸರಳವಾದದ್ದನ್ನು ಹೇಳಲು ಈಗ ಎರಡು ಕಿಲೋ ಮುನ್ನೂರು ಗ್ರಾಂ ಪುಸ್ತಕ! ತೊಗಾಶಿ ತನ್ನ ಸ್ನಾನದ ಮನೆಯ ತಕ್ಕಡಿಯ ಮೇಲಿಟ್ಟು ತೂಗಿದ. ಓದಿ ತಲೆ ಭಾರವಾಗುವ ಮೊದಲೇ ಕೈ ಸೋಲುತ್ತದೆ. ಅಕ್ಷರಗಳೋ ಇರುವೆಯ ಮೊಟ್ಟೆ. ಔಷಧಿ ಅಂಗಡಿಯ ಓಬಾ ಭೂತಗನ್ನಡಿ ಹಿಡಿದು ಓದುತ್ತಾನೆ. ಭೂತಗಳನ್ನು ನೋಡಲು ಭೂತಗನ್ನಡಿಯೇ ಬೇಕಲ್ಲವೇ ಎಂದೆ. ಯಾರೂ ನಗಲಿಲ್ಲ. ಇಂಥದ್ದಕ್ಕೆ ನಗುತ್ತಿದ್ದವಳು ನೀನೊಬ್ಬಳೇ.

ನಮ್ಮ ನರಿಯನ್ನು ನೆನೆಸಿಕೋ. ಮದುವಣಗಿತ್ತಿಯ ವೇಷದಲ್ಲಿ ಬಂದು ನೀರು ಕೇಳುತ್ತಿದ್ದ ಆ ನರಿ ಈಗ ‘ದ್ವಿತೀಯ ದರ್ಜೆಯ ಸಂಚಾರಿ ಅಸ್ತಿತ್ವ’. ಬಡ್ತಿ ಯಾವಾಗಲೋ, ಪಿಂಚಣಿ ಎಷ್ಟೋ! ‘ಭಯ’ ಎಂಬ ಮಾತೇ ಪುಸ್ತಕದಲ್ಲಿಲ್ಲ, ಅದು ‘ಒತ್ತಡಾಂಕ’ವಾಗಿದೆ. ಆರು ಮುಖದ ದಾಳ ಹೋಗಿ ಹತ್ತು ಮುಖದ್ದು ಬಂದಿದೆ. ಎಸೆದರೆ ನಿಲ್ಲುವುದೇ ಇಲ್ಲ, ಬೀರುವಿನ ಅಡಿಗೆ ಉರುಳಿ ಸಂಸಾರ ಹೂಡುತ್ತದೆ. ಅದಕ್ಕೇ ಒಂದು ಮರದ ಬಟ್ಟಲು ಕೊಟ್ಟಿದ್ದಾರೆ. ಎಲ್ಲರೂ ಒಟ್ಟಿಗೆ ಬಟ್ಟಲಿಗೆ ದಾಳ ಹಾಕಬೇಕು, ಒಬ್ಬೊಬ್ಬರೂ ಮನಸ್ಸಿನಲ್ಲೇ ಕೂಡಬೇಕು, ಮೊತ್ತವನ್ನು ಒಂದೇ ದನಿಯಲ್ಲಿ ಹೇಳಬೇಕು. ಐವತ್ತು ದಾಟಿದ ನಮ್ಮ ಕೈಯಲ್ಲಿ ಮಗ್ಗಿ ಹೇಳಿಸುತ್ತಿದ್ದಾರೆ.

ಇಷ್ಟೂ ಸಹಿಸಬಹುದಿತ್ತು. ಆದರೆ ಇನ್ನೂರ ಹನ್ನೆರಡನೇ ಪುಟದಲ್ಲಿ ‘ನೆರಳಿನ ಎಡೆ’ಯ ನಿಯಮ ತೆಗೆದುಹಾಕಿದ್ದಾರೆ.

ಸಮುದ್ರಕ್ಕೆ ಹೋದವರ ಹೆಸರಿನಲ್ಲಿ ಮನೆಯವರು ಒಂದು ತಟ್ಟೆ ಬಡಿಸಿಡುತ್ತಾರಲ್ಲ, ಹೋದಲ್ಲಿ ಹಸಿಯದಿರಲಿ, ತಿರುಗಿ ಬರಲಿ ಎಂದು? ಹಳೆಯ ಆವೃತ್ತಿ ಅದನ್ನೇ ಆಟಕ್ಕೆ ತಂದಿತ್ತು. ಬರಲಾಗದವರು ಕೂರುವ ದಿಂಬಿನ ಮುಂದೆ ಒಂದು ಲೋಟ ಚಹಾ ಇಟ್ಟರೆ ಸಾಕು. ಅವರ ಪಾತ್ರ ಹೊಸ್ತಿಲಲ್ಲಿ ನಿಂತಿರುತ್ತದೆ. ಅದಕ್ಕೆ ಯಾರೂ ಕೇಡು ಮಾಡುವಂತಿಲ್ಲ, ಅದೂ ಅಲುಗಾಡುವಂತಿಲ್ಲ. ಮಾರ್ಚಿನಿಂದ ನಾವು ಎಡೆಬಿಡದೆ ನಿನಗೆ ಎಡೆಯಿಟ್ಟೆವು. ನಿನ್ನ ಪಾತ್ರವಾದ ಗಂಜಿ ಎಂಬ ಮುದಿ ಅಂಬಿಗ ಹುಟ್ಟು ಹಿಡಿದು ಬಾಗಿಲಲ್ಲಿ ನಿಂತೇ ಇದ್ದ. ಹೊಸ ನಿಯಮ ಹೀಗೆ: ಸತತ ಮೂರು ಕೂಟಕ್ಕೆ ಆಟಗಾರ ಬಾರದಿದ್ದರೆ, ಸೂತ್ರಧಾರ ಆ ಪಾತ್ರದ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ‘ಲಾಸ್ಟ್’ ಎಂದು ಬರೆಯಬೇಕು. ಸತ್ತ ಎಂದು ಬರೆಯಲು ಮನಸ್ಸು ಬಾರದ ಆಟಗಾರರು ಎಂದೋ ಇಂಗ್ಲಿಷಿನಿಂದ ಎರವಲು ತಂದ ಪದ, ‘ಕಳೆದುಹೋದವನು’ ಎಂದರ್ಥ. ಬರೆದ ಮೇಲೆ ಆ ಪಾತ್ರವನ್ನು ಯಾರೂ ಮತ್ತೆ ಕರೆಯುವಂತಿಲ್ಲ.

“ಹಳೇ ನಿಯಮಾನೇ ಇಟ್ಕೊಳ್ಳೋಣ ಬಿಡ್ರೋ. ಬರೆದೋರು ಬಂದು ನೋಡ್ತಾರಾ?” ಎಂದ ತೊಗಾಶಿ. ಬಸ್ಸು ಓಡಿಸುವವನು, ಆದರೂ ನಿಯಮ ಎಂದರೆ ಅಷ್ಟಕ್ಕಷ್ಟೇ.

“ಔಷಧಿ ಚೀಟೀನ ಅರ್ಧ ಹಳೇದು ಅರ್ಧ ಹೊಸದು ಅಂತ ಓದಿದ್ರೆ ರೋಗಿ ಪೂರ್ತಿ ಹೋಗ್ತಾನೆ ಕಣಯ್ಯ,” ಎಂದ ಓಬಾ.

ನಿನ್ನ ತಂಗಿ ಕಿರಿಕೊ ನಿನ್ನ ಲೋಟಕ್ಕೆ ಚಹಾ ಬಗ್ಗಿಸಿದಳು. ನೀನು ಹೋದ ಮೇಲೆ ಅವಳು ನಮ್ಮ ಜೊತೆ ಕೂರುತ್ತಿದ್ದಾಳೆ, ಮೀನು ಮಾರುವವಳ ಪಾತ್ರ. ಹೆಸರಿಗೆ ಕಿರಿ, ಕಿರಿಕಿರಿ ಎಂಬುದೇ ಇಲ್ಲ. ನಾನು, “ಹೊಸ ನಿಯಮದ ಲೆಕ್ಕ ಮೇ ತಿಂಗಳಿಂದ ತಾನೇ? ಇನ್ನೂ ಮೂರು ಕೂಟ ಇದೆಯಲ್ಲ, ನೋಡೋಣ,” ಎಂದೆ. ಮಿಸಾವೊ, ನಿಜ ಹೇಳಬೇಕೆಂದರೆ ಆ ಹಾಳೆಯಲ್ಲಿ ನಿನ್ನ ಪೆನ್ಸಿಲ್ ಗೀಟುಗಳಿವೆ. ನನ್ನ ಕೈಯಲ್ಲಿ ಉಳಿದಿರುವ ನೀನು ಅಷ್ಟೇ. ಅದರ ಮೇಲೆ ಕೆಂಪು ಶಾಯಿ ಹಾಕುವ ಧೈರ್ಯ ನನಗಿರಲಿಲ್ಲ.

ಈಗ ಆಡುವವರು ನಾವು ನಾಲ್ವರೇ. ನಮ್ಮ ಜಪಾನಿ ಭಾಷೆಯಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ಸದ್ದು, ನಿನಗೆ ಗೊತ್ತಲ್ಲ. ಕೋಣೆಯ ಅರ್ಜಿಯಲ್ಲಿ ‘ಎಷ್ಟು ಜನ’ ಎಂಬಲ್ಲಿ ಓಬಾ ನಾಲ್ಕು ಬರೆಯಲಾರದೆ ಐದು ಎಂದು ಬರೆದ. ಏಪ್ರಿಲ್‌ನಲ್ಲಿ ಹೊಸದಾಗಿ ಬಂದ ಭವನದ ಕೆಲಸಗಾರ್ತಿ ನಿತ್ತಾಸಾನ್ ಐದು ದಿಂಬು, ಐದು ಲೋಟ ಇಟ್ಟುಹೋದಳು. ಇರಲಿ ಎಂದು ಬಿಟ್ಟೆವು.

ಮೇ ತಿಂಗಳ ಕೂಟ. ನಾಲ್ವರೂ ಬಟ್ಟಲಿಗೆ ದಾಳ ಹಾಕಿದೆವು. ಗರ ಬಿತ್ತು. ಮನಸ್ಸಿನಲ್ಲೇ ಕೂಡಿ, ಒಂದೇ ದನಿಯಲ್ಲಿ ಹೇಳಿದೆವು: ಇಪ್ಪತ್ತೇಳು. ನಾಲ್ವರೂ ಅದನ್ನೇ ಹೇಳಿದೆವು. ಓಬಾ ಒಂದೊಂದೇ ದಾಳ ಎತ್ತಿ ಚಾಪೆಯ ಮೇಲಿಟ್ಟ. ಒಂಬತ್ತು, ಎರಡು, ನಾಲ್ಕು, ಏಳು. ಇಪ್ಪತ್ತೆರಡು. ದಿನವಿಡೀ ಮಾತ್ರೆ ಎಣಿಸುವವನು ಅವನು. ನಾವು ಮೂವರೋ, ಅಬಾಕಸ್ ಕಲಿಸುತ್ತಿದ್ದ ನಿನ್ನ ಕೈಯಲ್ಲಿ ಇಪ್ಪತ್ತೊಂಬತ್ತು ವರ್ಷ ಬೈಸಿಕೊಂಡವರು, ಇಲ್ಲವೇ ನಿನ್ನ ತಂಗಿಯಾಗಿ ಬೆಳೆದವರು. ಎಲ್ಲರೂ ಒಟ್ಟಿಗೆ ಐದು ತಪ್ಪುವುದೆಂದರೆ? ಬಿದ್ದ ಗರಕ್ಕೆ ಗರ ಬಡಿದವರಂತೆ ಕೂತೆವು.

“ಕೊನೇಲಿ ಇನ್ನೊಂದು ಸದ್ದಾಯ್ತಲ್ಲ, ಕಾಗದ ಬಿದ್ದ ಹಾಗೆ?” ಎಂದ ತೊಗಾಶಿ.

ಕಿರಿಕೊ ಲೋಟ ಕೆಳಗಿಟ್ಟಳು. ಚಿತಾಗಾರದವರು ಶವಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಇಡಗೊಡುವುದಿಲ್ಲ. ಅದಕ್ಕೆ ಅವಳು ಆರು ಮುಖದ ಕಾಗದದ ದಾಳ ಮಡಿಚಿ ನಿನ್ನ ಕೈಯಲ್ಲಿಟ್ಟಿದ್ದಳು. ಅದು ಅವಳಿಗೂ ನನಗೂ ಬಿಟ್ಟು ಮತ್ತಾರಿಗೂ ಗೊತ್ತಿರಲಿಲ್ಲ.

ಲೆಕ್ಕ ತಪ್ಪುವವರಿಗೂ ಆ ದಪ್ಪ ಪುಸ್ತಕದಲ್ಲಿ ಒಂದು ಕೀಟಲೆಯ ನಿಯಮವಿದೆ. ಹೇಳಿದ ಮೊತ್ತ ನಿಜಕ್ಕಿಂತ ಎಷ್ಟು ಹೆಚ್ಚೋ, ಕರೆಯದ ಅತಿಥಿ ಬಾಗಿಲಿನಿಂದ ಅಷ್ಟು ಹೆಜ್ಜೆ ಆಚೆ ನಿಂತಿದ್ದಾನೆಂದು ತಿಳಿಯಬೇಕಂತೆ. ಮೇ ತಿಂಗಳಲ್ಲಿ ಐದು ಹೆಜ್ಜೆ. ಜೂನ್ ಕೂಟದಲ್ಲಿ ಎಲ್ಲರೂ ಹದಿನೆಂಟು ಎಂದೆವು, ದಾಳಗಳಲ್ಲಿದ್ದದ್ದು ಹದಿನೈದು. ಮೂರು ಹೆಜ್ಜೆ. ಅಂದು ತೊಗಾಶಿ ತಮಾಷೆ ಮಾಡಲಿಲ್ಲ. ನಾನೂ ಮಾಡಲಿಲ್ಲ, ಅದರಿಂದಲೇ ನೀನು ಊಹಿಸಿಕೋ.

ನಿನ್ನೆ ಮೂರನೆಯ ಕೂಟ. ಕೆಂಪು ಪೆನ್ನು ನನ್ನ ಮುಂದಿತ್ತು. “ಬರೀರಿ ಶಿರಾಹತಾಸಾನ್,” ಎಂದಳು ಕಿರಿಕೊ. “ಒಂದ್ಸಲ ಬಟ್ಟಲು ಆಡಿಸಿ ಆಮೇಲೆ ಬರೀತೀನಿ,” ಎಂದೆ. ಹಾಕಿದೆವು. ನಾಲ್ಕು ಗಡಸು ಸದ್ದು, ಒಂದು ಮೆತ್ತನೆಯದು. ಹತ್ತೊಂಬತ್ತು, ಎಂದೆವು. ಓಬಾ ಎಣಿಸಿದ: ಹದಿನೆಂಟು.

ಇಳಿಹೊತ್ತಿನ ಬಿಸಿಲು, ಹೊರಗೆ ಜೀರುಂಡೆಗಳ ಗದ್ದಲ, ಕಿಟಕಿಯಿಂದ ಗಾಳಿ. ಆ ಗಾಳಿಗೆ ಜಾರುಬಾಗಿಲಿಗೆ ಅಂಟಿಸಿದ ಕಾಗದ ಮಧ್ಯಾಹ್ನವೆಲ್ಲ ಪಟಪಟಿಸುತ್ತಿತ್ತು. ಈಗ ಆಚೆಯಿಂದ ಯಾರೋ ಬೆನ್ನು ಒರಗಿಸಿದಂತೆ ಒಂದು ಕಡೆ ಮಾತ್ರ ಅಲುಗದೆ ನಿಂತಿತು.

“ಅಕ್ಕ ಕರೀದೆ ಯಾರ ಮನೆಗೂ ಹೋದೋಳಲ್ಲ,” ಎಂದಳು ಕಿರಿಕೊ, ಬಾಗಿಲ ಮೇಲಿಂದ ಕಣ್ಣು ತೆಗೆಯದೆ. “ಯಾರು ಕರೆದ್ರಿ?”

ನಾನು, ಮಿಸಾವೊ. ನಾನೇ.

ಫೆಬ್ರವರಿಯಲ್ಲಿ ನಿನ್ನ ಶವದ ಗಾಡಿಯ ಬಾಗಿಲು ಮುಚ್ಚುವಾಗ ಎಲ್ಲರೂ ಮಾತಿಲ್ಲದೆ ತಲೆಬಾಗಿದ್ದರು. ಕೂಟ ಮುಗಿದು ನೀನು ಸೈಕಲ್ ಹತ್ತುವಾಗೆಲ್ಲ ಹೇಳಿ ಹೇಳಿ ರೂಢಿಯಾಗಿದ್ದ ಮಾತು ನನ್ನ ಬಾಯಿಂದ ಜಾರಿತು: “ಹೋಗಿ ಬಾ.” ಹೊರಟವರಿಗೆ ನಾವು ಬರೀ ಹೋಗು ಎನ್ನುವುದಿಲ್ಲ. ಹೊರಡುವವರೂ ಹೋಗಿ ಬರುತ್ತೇನೆ ಎಂದೇ ಹೊಸ್ತಿಲು ದಾಟುವುದು. ಪಕ್ಕದಲ್ಲಿದ್ದವರಿಗೆ ಕೇಳಿಸಿರಲಿಲ್ಲ. ಕೇಳಿಸಬೇಕಾದವಳಿಗೆ ಕೇಳಿಸಿತ್ತು.

ಇದನ್ನು ಹೇಳಿದಾಗ ಕಿರಿಕೊ ಒಂದು ಕ್ಷಣ ನನ್ನನ್ನೇ ನೋಡಿದಳು. “ಹೆಣಕ್ಕೆ ಹೋಗಿ ಬಾ ಅಂದ್ರಾ? ಅಯ್ಯೋ ನಿಮ್ಮ! ಹೇಳಿದ ಮಾತು ತಪ್ಪೋಳಾ ನಮ್ಮಕ್ಕ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಯಾವಾಗ ಅತ್ತಳೋ ತಿಳಿಯಲಿಲ್ಲ. “ನೀವು ಬಾ ಅಂದ್ರಿ, ಆಮೇಲೆ ಎಡೆ ಇಟ್ಟು ಬಾಗಿಲಲ್ಲೇ ನಿಲ್ಲಿಸಿದ್ರಿ. ಅವಳ ಮೊಣಕಾಲು ಹೇಗಿತ್ತು ಅಂತ ಗೊತ್ತಲ್ವಾ ನಿಮಗೆ? ಐದು ತಿಂಗಳಿಂದ ನಿಂತಿದ್ದಾಳೆ.”

ನಾನು ಮಾತು ವಾಪಸು ತೆಗೆದುಕೊಳ್ಳಬೇಕಿತ್ತು. ಜನ್ಮವೆಲ್ಲ ಮಾತಿನಲ್ಲೇ ಬದುಕಿದವನು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತೆ. ಅಷ್ಟರಲ್ಲಿ ಊರಿನ ಧ್ವನಿವರ್ಧಕದಲ್ಲಿ ಐದು ಗಂಟೆಯ ರಾಗ ಬಂತು, ಕೋಣೆ ಬಿಡಬೇಕು. ಆ ಬಾಗಿಲು ತೆರೆಯುವ ಗಂಡಾಗಲಿ ಹೆಣ್ಣಾಗಲಿ ನಮ್ಮಲ್ಲಿರಲಿಲ್ಲ. ಐವತ್ತು ದಾಟಿದ ನಾಲ್ವರು ತೋಟದ ಕಡೆಯ ಕಿಟಕಿ ಹತ್ತಿ ಇಳಿದೆವು. ಓಬಾನ ಪ್ಯಾಂಟು ಹರಿಯಿತು. ಹೂಗಿಡಗಳಿಗೆ ನೀರು ಹಾಕುತ್ತಿದ್ದ ನಿತ್ತಾಸಾನ್ ಬೆರಗಾಗಿ, “ಬಾಗಿಲು ಕೆಟ್ಟಿದೆಯಾ?” ಎಂದಳು.

“ಇಲ್ಲ, ಬಾಗಿಲಲ್ಲಿ ಜನ ಇದ್ದಾರೆ,” ಎಂದ ತೊಗಾಶಿ. ಹಾರಿಸಿ ಬಿಡುವ ಮಾತು.

ನಿತ್ತಾಸಾನ್ ನಿನ್ನನ್ನು ಒಮ್ಮೆಯೂ ನೋಡಿದವಳಲ್ಲ, ಮಿಸಾವೊ. “ಹೌದು, ಬಂದು ತುಂಬಾ ಹೊತ್ತಾಯ್ತು,” ಎಂದಳು. “ಕೂತ್ಕೊಳ್ಳಿ ಅಂದ್ರೆ ಬೇಡ ಅಂದ್ರು. ಒಳಗೆ ಕರೀಬಾರದಾಗಿತ್ತಾ ನೀವು? ಪಾಪ, ಮೊಣಕಾಲು ಹಿಡ್ಕೊಂಡು ನಿಂತಿದ್ರು.”



ಇವತ್ತು ಬೆಳಿಗ್ಗೆ ಎದ್ದವನು ಮೊದಲು ನನ್ನ ಮನೆಯ ಮುಂಬಾಗಿಲು ಪೂರ್ತಿ ತೆರೆದಿಟ್ಟೆ. ಅಲ್ಲಿ ಒಂದು ಜೊತೆ ಹೊಸ ಚಪ್ಪಲಿ ಇಟ್ಟು, ಹೊರಡುವ ಅತಿಥಿಗೆ ಮಾಡುವಂತೆ, ಮೂತಿಯನ್ನು ಬೀದಿಯ ಕಡೆ ತಿರುಗಿಸಿದೆ. ಬಾಗಿಲಿಗೆ ಬೆನ್ನು ಹಾಕಿ ಈ ಪತ್ರ ಬರೆಯಲು ಕೂತೆ. ಮೂರನೇ ಪ್ಯಾರಾದ ಹೊತ್ತಿಗೆ ಬೆನ್ನಿಗೆ ತಾಗುತ್ತಿದ್ದ ಗಾಳಿ ನಿಂತಿತು. ಬೀದಿಯಲ್ಲಿ ಬಟ್ಟೆಗಳು ಹಾರಾಡುತ್ತಿರುವುದು ಪಕ್ಕದ ಕಿಟಕಿಯಿಂದ ಕಾಣುತ್ತಿದೆ.

ಭೂತಗನ್ನಡಿಯ ಮಾತಿಗೆ ನಕ್ಕೆಯಾ? ನನಗೆ ಕೇಳಿಸಿದಂತಾಯಿತು.

ತಿರುಗಿ ನೋಡಬೇಕೆಂದು ಎಷ್ಟು ಆಸೆಯಾಗುತ್ತಿದೆ ಗೊತ್ತೇ? ನೋಡಿದರೆ ಒಳಗೆ ಬಾ ಎಂದುಬಿಡುತ್ತೇನೆ. ನನ್ನ ಬಾಯಿ ನಿನಗೆ ಗೊತ್ತು. ಆದ್ದರಿಂದ ನೋಡುವುದಿಲ್ಲ. ಗಂಜಿಯ ಹಾಳೆ ಮುಂದಿದೆ. ಈಗಷ್ಟೇ ಕೆಂಪು ಶಾಯಿಯಲ್ಲಿ ಬರೆದೆ. ಅಕ್ಷರ ಕೆಟ್ಟಿದೆ, ಕ್ಷಮಿಸು. ಪತ್ರವನ್ನೂ ಅದನ್ನೂ ಕಿರಿಕೊ ಇವತ್ತೇ ನಿಮ್ಮ ಮನೆತನದ ದೇಗುಲದಲ್ಲಿ ಸುಡುತ್ತಾಳೆ.

ಫೆಬ್ರವರಿಯಲ್ಲಿ ಹೇಳಿದ ಎರಡು ಮಾತಿನಲ್ಲಿ ಒಂದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ದಾರಿ ಸಮತಟ್ಟಾಗಿರಲಿ, ಮೊಣಕಾಲು ನೋಯದಿರಲಿ.

ಹೋಗು, ಮಿಸಾವೊ.

ನಿನ್ನನ್ನು ಇಷ್ಟು ದಿನ ನಿಲ್ಲಿಸಿಕೊಂಡವನು,
ಶಿರಾಹತಾ