ಯುಗಾದಿ ದಿನ ಬಿದ್ದ ಸ್ನೋ

ಅವ್ವಾ,

ನೀ ಇಲ್ಲದ ಮೊದಲನೇ ಯುಗಾದಿ ಇವತ್ತ. ಮುಂಜಾನೆ ಎದ್ದು ನೋಡಿದ್ರ ಲಂಡನ್ನಿನ ನಮ್ಮ ವೆಂಬ್ಲಿಯೊಳಗ ಸ್ನೋ ಬಿದ್ದೈತಿ.

ನೀ ಊರಿಂದ ಬಂದಿದ್ದ ಆ ಚಳಿಗಾಲ ಇಲ್ಲಿ ಬರೇ ಜಿಟಿಜಿಟಿ ಮಳಿ. ಲಂಡನ್ನಿನ ಆ ತುದಿಗೆ ಸಟನ್‌ನ್ಯಾಗ ತಂಗಿ ಗುರುದೇವಿ ಅಂಗಳದಾಗ ಗೇಣುದ್ದ ಬಿದ್ದಿತ್ತು. "ಇಬ್ಬರೂ ಕೂಡಿ ಹೋಗಿ ನೋಡೂಣು" ಅಂತ ಮೂರು ಸಲ ಕೇಳಿದಿ. ನಾವು ಅಲ್ಲಿ ಮುಟ್ಟೂದ್ರಾಗ ಕರಗಿರತೈತಿ ಅಂತ ಮೂರು ಸಲನೂ ಅಂದೆ. ನಾ ಅಕಿ ಜೋಡಿ ಮಾತು ಬಿಟ್ಟಿದ್ದು ನಿನಗ ಗೊತ್ತಿತ್ತು.

ಇವತ್ತ ನಾನಽ ಅಕಿಗೆ ಫೋನ್ ಮಾಡಿದೆ. "ನಿಮ್ಮ ಕಡೆ ಬಿದ್ದೈತೇನು?"

"ಇಲ್ಲಕ್ಕಾ, ಇಲ್ಲಿ ಮಳಿ. ನೋಡಾಕ ಬರ್ತೀನಿ."

"ನೀ ಬರೂದ್ರಾಗ ಕರಗಿರತೈತಿ."

"ಕರಗಲಿ ಬಿಡು," ಅಂದ್ಲು.

ಬೇವು-ಬೆಲ್ಲ ಕಲಸಿಟ್ಟೀನಿ. ಹೊರಗ ಆಗಲೇ ನೀರಾಗಾಕ ಹತ್ತೈತಿ. ಒಂದು ಡಬ್ಬಿ ಸ್ನೋ ತುಂಬಿ ಫ್ರೀಜರ್‌ನ್ಯಾಗ ಇಟ್ಟೀನಿ. ಅಕಿ ಕೇಳಿದ್ರ ಅಕಿಗಂತ ಹೇಳ್ತೀನಿ, ನಿನಗಂತ ಇಟ್ಟಿದ್ದು ಹೇಳೂದಿಲ್ಲ.