ಅಸಲಿ ಕ್ಯಾಪ್ಸೂಲ್ ಯಾರಿಗೆ?

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಸೆಲೂನಿನಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು. ನಿಜ ಹೇಳಿಬಿಡುತ್ತೇನೆ, ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ. ನಿನ್ನ ಅತ್ತಿಗೆಯಂತೂ, "ಹುಟ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು ಅಂತಾರೆ. ನೀವು ಮುದುಕರಾದ್ರೂ ಬಿಡ್ಲಿಲ್ವಲ್ಲ!" ಎಂದು ನಗುತ್ತಾಳೆ.

ಪ್ರಾಸ್ಟೇಟ್ ಕ್ಯಾನ್ಸರ್ ಅಪ್ಪನನ್ನು ತಿಂದುಹಾಕಿದ ಮೇಲೆ ನಾವಿಬ್ಬರೂ ಆಸ್ಪತ್ರೆಯ ಆ ಅಧ್ಯಯನಕ್ಕೆ ಹೆಸರು ಕೊಟ್ಟೆವಲ್ಲ. ವಿಟಮಿನ್ ಇ ತಿಂದರೆ ಆ ರೋಗ ಬಾರದಂತೆ ತಡೆಯಬಹುದೇ ಎಂದು ನೋಡುವುದಕ್ಕೆ ಅರ್ಧ ಜನಕ್ಕೆ ಅಸಲಿ ಕ್ಯಾಪ್ಸೂಲು, ಇನ್ನರ್ಧ ಜನಕ್ಕೆ ಬರೀ ಎಣ್ಣೆ ತುಂಬಿದ್ದು. ಯಾರಿಗೆ ಯಾವುದೆಂದು ಕೊಡುವ ಡಾಕ್ಟರಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ಅವತ್ತೇ ಗೊತ್ತಾಗಿತ್ತು, ಅಸಲಿ ನಿನಗೆ, ಎಣ್ಣೆ ನನಗೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ನಮ್ಮ ಮನೆಗೆ ಹೊಸದೇ? ಓದು ನಿನಗೆ, ಕತ್ತರಿ ನನಗೆ. ಮೇಷ್ಟ್ರೆಂಬ ಮರ್ಯಾದೆ ನಿನಗೆ, "ಏಯ್, ಸೈಡಲ್ಲಿ ಇನ್ನೂ ಸಣ್ಣ ಮಾಡು" ಅನ್ನಿಸಿಕೊಳ್ಳುವುದು ನನಗೆ.

ರಜಕ್ಕೆ ಬಂದು ನನ್ನ ಕುರ್ಚಿಯಲ್ಲಿ ಕೂತಾಗಲೆಲ್ಲ ನಿನ್ನ ತಲೆಯನ್ನು ಪರೀಕ್ಷಿಸುತ್ತಿದ್ದೆ. ಕೂದಲು ಫಳಫಳ, ಕೆನ್ನೆ ನುಣುಪು. "ಏನಣ್ಣಾ, ಬಾಚಣಿಗೆ ಹಿಡ್ಕೊಂಡು ಹಂಗೇ ನಿಂತ್ಬಿಟ್ಟೆ?" ಎಂದಿದ್ದೆಯಲ್ಲ, ಆಗ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಮನೆಗೆ ಹೋಗಿ ನನ್ನ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ನೆಕ್ಕಿಯೂ ನೋಡಿದೆ. ಎಣ್ಣೆಯ ರುಚಿಯೇ ಬಂತು. "ಅಸಲಿದೂ ಎಣ್ಣೆ ಥರಾನೇ ಇರುತ್ತಂತೆ ಕಣ್ರೀ" ಎಂದು ನಿನ್ನ ಅತ್ತಿಗೆ ಬಡಿದುಕೊಂಡರೂ ನಾನು ಕೇಳಲಿಲ್ಲ.

ಕಳೆದ ತಿಂಗಳು ಅಧ್ಯಯನ ನಿಲ್ಲಿಸಿ ಗುಟ್ಟು ಬಿಚ್ಚಿದರಲ್ಲ, ನಿನ್ನದು ಬರೀ ಎಣ್ಣೆಯಾಗಿತ್ತೆಂದು ನಿನ್ನ ಕಾಗದದಲ್ಲೇ ಓದಿದೆ. ನನ್ನದು ಏನೆಂದು ಕೇಳಿದ್ದೀಯ. ಅಸಲಿ ಕಣೋ! ಜನ್ಮಕ್ಕೊಂದು ಸಲ ಒಳ್ಳೆಯದು ನನ್ನ ಪಾಲಿಗೆ ಬಂದಿತ್ತು. ಅಲ್ಲೇ ಕುಣಿದುಬಿಡಬೇಕು ಅನ್ನುವಷ್ಟರಲ್ಲಿ ಡಾಕ್ಟರಮ್ಮ, "ಅಷ್ಟು ಖುಷಿ ಪಡ್ಬೇಡಿ ಯಜಮಾನ್ರೇ. ಅದು ರೋಗ ತಡೀಲಿಲ್ಲ. ತಿಂದವರಲ್ಲೇ ಸ್ವಲ್ಪ ಜಾಸ್ತಿ ಕಾಣಿಸ್ಕೊಂಡಿದೆ. ಇನ್ಮೇಲೆ ತಗೋಬೇಡಿ" ಎಂದರು. ಇಂಗು ತಿಂದ ಮಂಗನ ಹಾಗೆ ಕೂತೆ. ನೋಡು ಮತ್ತೆ, ಎಣ್ಣೆ ಕುಡಿದೂ ಗೆದ್ದವನು ನೀನೇ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ದೊಡ್ಡವಳು ಪರೀಕ್ಷೆ ಚೆನ್ನಾಗಿ ಬರೆಯಲಿ. ನೀನೂ ನಿನ್ನ ಹೆಂಡತಿಯೂ ನೂರು ಕಾಲ ಬಾಳಿ.

ನಿನ್ನ
ಅಣ್ಣ

ಮುಖ್ಯವಾದದ್ದನ್ನೇ ಬರೆಯಲಿಲ್ಲ. ಅವತ್ತು ನನ್ನ ರಕ್ತ ಪರೀಕ್ಷೆಯನ್ನೂ ಮಾಡಿದ್ದರು. ಆಮೇಲೆ ಮತ್ತೆ ಕರೆದು, ಪ್ರಾಸ್ಟೇಟಿನಿಂದ ಚೂರು ಮಾಂಸ ತೆಗೆದು ಪರೀಕ್ಷಿಸಿ ನೋಡಿದರು. ಅಪ್ಪನದೇ ಕಾಯಿಲೆ. ಕ್ಯಾಪ್ಸೂಲಿನಿಂದಲೇ ಬಂತೆಂದು ಹೇಳುವುದಕ್ಕೆ ಬರುವುದಿಲ್ಲವಂತೆ. ಬೇಗ ಸಿಕ್ಕಿದೆ, ವಾಸಿ ಮಾಡಬಹುದು ಎನ್ನುತ್ತಾರೆ. ನಿನ್ನ ಅತ್ತಿಗೆಗೆ ಇನ್ನೂ ಹೇಳಿಲ್ಲ. ಭಯವಾಗುತ್ತಿದೆ ಕಣೋ. ನೀನು ನಾಳೆಯೇ ಹೋಗಿ ಪರೀಕ್ಷೆ ಮಾಡಿಸಿಕೋ. ಏನೂ ಇಲ್ಲವೆಂದು ಬರಲಿ. ಹಾಗೆ ಬಂದರೆ ನನಗೆ ಮತ್ತೆ ಹೊಟ್ಟೆ ಉರಿಯುತ್ತದೆ. ಉರಿಯಲಿ ಬಿಡು.