ಅಕ್ಕನ ಚೀಲದಾಗಿನ ಪವರ್ ಬ್ಯಾಂಕ್

ಹಳೇ ಹುಬ್ಬಳ್ಳಿ
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ಬಾಳಕ್ಕಾ,

ಮೊಣಕಾಲು ಹ್ಯಾಂಗದಾವು? ಮಾಮಾರ ಕೆಮ್ಮು ಇಳೀತೇನು? ನಿನ್ನೆಯಿಂದ ನಾಲ್ವತ್ತು ಸಲ ಹಚ್ಚೇನಿ, ಗಂಡ ಹೆಂಡತಿ ನಿಮ್ಮಿಬ್ಬರ ಫೋನೂ ಇನ್ನೂ ಬಂದ್ ಅದಾವು. ತಪ್ಪು ನಂದ. ಶನಿವಾರ ಬಸ್ ಸ್ಟ್ಯಾಂಡಿನ್ಯಾಗ ನಾನ ಚ್ಯಾಷ್ಟಿ ಮಾಡಿದ್ದೆ, "ಅಕ್ಕಾ, ಫೋನ್ ಚಾಲೂ ಇದ್ರ ವಿಮಾನ ದಾರಿ ತಪ್ಪಿ ಶಿರಗುಪ್ಪಿ ಹತ್ತಿ ಹೊಲದಾಗ ಇಳೀತೈತಿ ನೋಡು" ಅಂತ. ಬೆಂಗಳೂರಿಂದ ಕಾಶಿ ವಿಮಾನ ಇರೂದು ಗುರುವಾರ. ನೀ ಅಲ್ಲೇ ನಿಂತು ಬಂದ್ ಮಾಡಿ ಅರಿವ್ಯಾಗ ಕಟ್ಟಿದಿ, ಮಾಮಾರದೂ ಕಸಗೊಂಡಿ. ಊರಾಗ ಯಾರೂ ನನ್ನ ಮಾತು ನಂಬಂಗಿಲ್ಲ. ನೀ ಒಬ್ಬಾಕಿ ನಂಬ್ತಿ, ಅದೂ ಸುಳ್ಳು ಹೇಳಿದಾಗ.

ನಮ್ಮ ಮೊಬೈಲ್ ರಿಪೇರಿ ಅಂಗಡಿಗೆ ರಾಜಶೇಖರ ಬರ್ತಾನಲ್ಲ, ವಿಮಾನ ನಿಲ್ದಾಣದಾಗ ಕೆಲಸ ಮಾಡಾಂವ, ಅವನ್ನ ನಿನ್ನೆ ಸಂಜಿಕ ಕೇಳಿದೆ. "ಮಾರಾಯಾ, ಫೋನಿಂದ ವಿಮಾನ ಬೀಳಂಗಿಲ್ಲ. ಪೈಲಟ್‌ಗೆ ಕಿವ್ಯಾಗ ಗುರ್ರ್ ಅಂತ ಸಪ್ಪಳ ಬಂದೀತು ಅಂತ ಫ್ಲೈಟ್ ಮೋಡ್ ಹಾಕಸ್ತಾರ. ನಮಗ ಅಂಜಿಕಿ ಬ್ಯಾಟರೀದು. ಮ್ಯಾಲ ಬೆಂಕಿ ಹತ್ತಿದ್ರ ಎಲ್ಲಿ ಇಳದು ಓಡತಿ?" ಅಂದ. ನಾ ನಕ್ಕೆ. ಯಾಕ ನಕ್ಕೆ, ಗೊತ್ತಿಲ್ಲ.

ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಬಿಚ್ಚಿ ಎರಡು ಪವರ್ ಬ್ಯಾಂಕ್ ಮಾಡಿದ್ನಲ್ಲಾ, ಒಂದು ನಿನ್ನ ಪ್ರಯಾಣಕ್ಕ, ಒಂದು ಮನಿಗೆ. ಮನೀದು ನಿನ್ನೆ ಮುಂಜಾನೆ ಅಡಗಿಮನಿ ಕಟ್ಟಿ ಮ್ಯಾಲ ಉಬ್ಬಿ, ಢಬ್ ಅಂದು ಹೊತ್ಕೊಂತು. ನನ್ನ ಮನಿಯಾಕಿ ನಾಗರತ್ನಾ ಅದನ್ನ ಎತ್ತಿ ಅಂಗಳಕ್ಕ ಒಗದ್ಲು. ಕೈ ಸ್ವಲ್ಪ ಸುಟ್ಟೈತಿ. ಆಕಿನ್ನ ದವಾಖಾನ್ಯಾಗ ತೋರಿಸಿ ಕರಕೊಂಡ ಬಂದೆ, ಕರ್ರಗಾದ ಕಟ್ಟಿ ತಿಕ್ಕಿ ತೊಳದೆ, ಆಮ್ಯಾಲ ಅಂಗಡಿ ತಗದು ಗಿರಾಕಿನ್ನ ನಗಿಸಿದೆ. ಅಳು ಬರವಲ್ದು ಅಕ್ಕಾ, ಸಿಟ್ಟೂ ಬರವಲ್ದು.

ಬಾಜೂಮನಿ ಬಾಬುಸಾಬ ಇವತ್ತ ಬೆಂಗಳೂರಿಗೆ ಲಾರಿ ಒಯ್ಯಾಕತ್ತಾನ. ನೀವಿರೂ ಛತ್ರಕ್ಕ ಬಂದು ಈ ಪತ್ರ ಕೊಡ್ತಾನ. ಒಂದು ತಗಡಿನ ಡಬ್ಬ್ಯಾಗ ಉಸುಕು ತುಂಬಿ ಕೊಟ್ಟೇನಿ, ಪವರ್ ಬ್ಯಾಂಕ್ ಅದರಾಗ ಹಾಕಿ ಅವನ ಕೈಯಾಗ ಕೊಡು. ತಮ್ಮ ಮಾಡಿದ್ದು ಅಂತ ಬಚ್ಚಿಟ್ಟು ಒಯ್ಯಬ್ಯಾಡ. ದೊಡ್ಡ ಚೀಲದಾಗೂ ಬ್ಯಾಡ, ಕೈಚೀಲದಾಗೂ ಬ್ಯಾಡ.

ಮಾಮಾರಿಗೆ ನನ್ನ ಶರಣು ಹೇಳು. ಗಂಗ್ಯಾಗ ನನ್ನ ಹೆಸರಿಲೆನೂ ಒಂದು ಮುಳುಗು ಹಾಕು.

ನಿನ್ನ ತಮ್ಮ,
ಶಂಭುಲಿಂಗ

ತಾ.ಕ.: ಇದು ಚ್ಯಾಷ್ಟಿ ಅಂತ ನೀ ತಿಳ್ಕೊಂಡ್ರ ಏನ್ ಮಾಡ್ಲಿ ಅಂತ ಮತ್ತ ಬರಿಯಾಕತ್ತೇನಿ. ಸ್ವಲ್ಪ ಸುಟ್ಟೈತಿ ಅಂದದ್ದು ಸುಳ್ಳು. ಎರಡೂ ಕೈಗೆ ಪಟ್ಟಿ ಕಟ್ಟ್ಯಾರ. ಬಲಗೈದು ಎರಡು ಬೆರಳು ಉಳೀತಾವೋ ಇಲ್ಲೋ, ಶುಕ್ರವಾರ ಹೇಳ್ತಾರಂತ. ಕೊಡೂಕಿಂತ ಮೊದಲ ಒಂದನ್ನೂ ನಾ ಪರೀಕ್ಷೆ ಮಾಡಿರಲಿಲ್ಲ. ಬಾಬುಸಾಬನ ಮನಿಯಿಂದ ರೊಟ್ಟಿ ಬಂದಾವು, ನಾಗರತ್ನಾ ಒಳಗಿಂದ ಕರ್ಯಾಕತ್ತಾಳ, "ಆರತಾವು, ಲಗೂ ಬರ್ರಿ." ನಾ ಹೋಗಿ ಮುರಿದು ಬಾಯಾಗ ಇಟ್ರನ ಆಕಿ ಊಟ.